ಮರಾವಿಚ್‌ನ 83 ಪಂದ್ಯಗಳು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ 2024ರ ಮಾರ್ಚ್‌ನಲ್ಲಿ 3,667 ಅಂಕಗಳ ಗಡಿ ದಾಟಿದ್ದರಿಂದ, ಅಷ್ಟು ಅಂಕಗಳ ದಾಖಲೆ ಹೊಂದಿದ್ದ ಪೀಟ್ ಮರಾವಿಚ್‌ನ ಹೆಸರು ಅಳಿಸಿಹೋಯಿತು ಎಂದು ಕ್ಲಾರ್ಕ್ ಕುರಿತ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಕ್ಲಾರ್ಕ್ ಆಟಕ್ಕೆ ನಾನೂ ಮರುಳಾದವನೇ, ಆದರೆ ಈ ಮಾತನ್ನು ಒಪ್ಪಲಾರೆ. ಮರಾವಿಚ್ ಅಷ್ಟು ಅಂಕ ಗಳಿಸಿದ್ದು ಕೇವಲ 83 ಪಂದ್ಯಗಳಲ್ಲಿ, ಪಂದ್ಯಕ್ಕೆ ಸರಾಸರಿ 44.2! ಆಗ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯ ತಂಡದಲ್ಲಿ ಆಡಲು ಅವಕಾಶವಿರಲಿಲ್ಲ. ಹಾಗಾಗಿ ಸಿಕ್ಕಿದ್ದು ಮೂರೇ ವರ್ಷ. ದೂರದ ಎಸೆತಕ್ಕೆ ಮೂರು ಅಂಕ ಕೊಡುವ ಗೆರೆಯೂ ಆಗ ಇರಲಿಲ್ಲ; ಎಷ್ಟು ದೂರದಿಂದ ಎಸೆದರೂ ಎರಡೇ ಅಂಕ. ಪುರುಷರ ದಾಖಲೆ ಇವತ್ತಿಗೂ ಅವನದೇ. 2023ರಲ್ಲಿ ಕಾಲೇಜು ಆಟಗಾರ ಆಂಟೊಯಿನ್ ಡೇವಿಸ್ ಐದು ವರ್ಷ, 144 ಪಂದ್ಯ ಆಡಿ ಮೂರು ಅಂಕಗಳಿಂದ ಹಿಂದುಳಿದರು. ಪಾಪ!

ಮರಾವಿಚ್‌ನಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ತಂದೆ ಪ್ರೆಸ್ ಮರಾವಿಚ್ ಅವರೇ ಅವನು ಆಡುತ್ತಿದ್ದ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ತರಬೇತುದಾರರು, ಚೆಂಡು ಸದಾ ಮಗನ ಕೈಯಲ್ಲಿ. ಅಷ್ಟಾದರೂ ಆ ಮೂರು ವರ್ಷಗಳಲ್ಲಿ ತಂಡ ಒಮ್ಮೆಯೂ ರಾಷ್ಟ್ರೀಯ ಚಾಂಪಿಯನ್‌ಷಿಪ್ ಟೂರ್ನಿಗೆ ಅರ್ಹತೆ ಪಡೆಯಲಿಲ್ಲ.

ಲೇಖನದಲ್ಲಿ ಬಿಟ್ಟುಹೋದ ಸಂಗತಿಯೊಂದಿದೆ. 1988ರ ಜನವರಿಯಲ್ಲಿ ಗೆಳೆಯರೊಂದಿಗೆ ಸುಮ್ಮನೆ ಚೆಂಡಾಡುತ್ತಿದ್ದಾಗ ಮರಾವಿಚ್ ಕುಸಿದು ಸತ್ತ. ವಯಸ್ಸು 40. ಹೃದಯಕ್ಕೆ ರಕ್ತ ಒಯ್ಯುವ ಎಡ ಪರಿಧಮನಿಯೇ ಹುಟ್ಟಿನಿಂದ ಇರಲಿಲ್ಲವೆಂದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿಯಿತು. ಅಂಥ ಹೃದಯವಿಟ್ಟುಕೊಂಡು ಹತ್ತು ವರ್ಷ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕೂಡ ಆಡಿದ್ದ.