ಗಾಳಿ ಬಂದಾಗ ತೂರಿಹೋಗುವವರು

ಸಣ್ಣ ವಿಮಾನ ಹಾರಿಸ್ತೀನಿ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಮೇಲೆ ಹೋದಾಗ ಎಂಜಿನ್ ನಿಂತುಹೋದ್ರೆ?" ಎಂಜಿನ್ ಪಾಪ, ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ. ನಮ್ಮ ಮಾನ ತೆಗೆಯುವುದು ಗಾಳಿ.

ನಾಲ್ಕು ಸೀಟಿನ ಸೆಸ್ನಾ 172 ಸುಮಾರು 105 ನಾಟ್ ವೇಗದಲ್ಲಿ ಹೋಗುತ್ತದೆ ಅಂದುಕೊಳ್ಳಿ. ಅಂದರೆ ಗಂಟೆಗೆ 195 ಕಿಲೋಮೀಟರ್ ಹತ್ತಿರ. ಕೇಳೋಕೆ ಚೆನ್ನಾಗಿದೆ ಅಲ್ವಾ? ಎದುರಿನಿಂದ 35 ನಾಟ್ ಗಾಳಿ ಬೀಸಿದರೆ ನೆಲದ ಲೆಕ್ಕದಲ್ಲಿ ಕೈಗೆ ಸಿಗುವುದು ಬರೀ 70 ನಾಟ್, ಗಂಟೆಗೆ 130 ಕಿಲೋಮೀಟರ್ ಹತ್ತಿರ. ಕೆಳಗೆ ಹೆದ್ದಾರಿಯಲ್ಲಿ ಯಾರೋ ಸ್ವಲ್ಪ ಅವಸರದಲ್ಲಿದ್ದರೆ ಸಾಕು, ಅವರ ಕಾರು ನಮ್ಮನ್ನು ಹಿಂದೆ ಹಾಕಿ ಹೋಗುತ್ತದೆ. ಪಕ್ಕದಲ್ಲಿ ಕೂತ ಬಾಮೈದ ಅದನ್ನು ನೋಡಿಯೇ ನೋಡುತ್ತಾನೆ. "ಭಾವ, ಆ ಬಿಳಿ ಕಾರು ಆಗ ನಮ್ಮ ಹಿಂದೆ ಇತ್ತಲ್ವಾ?"

"ಬರುವಾಗ ಇದೇ ಗಾಳಿ ಬೆನ್ನಿಗೆ ಇರುತ್ತೆ, ಸರಿಹೋಗುತ್ತೆ ಬಿಡು" ಅಂತ ಸಮಾಧಾನ ಹೇಳಿದೆ. ಸುಮ್ನೆ ಹೇಳಿದ್ದು, ಸರಿಯೇನೂ ಹೋಗಲ್ಲ. 210 ನಾಟಿಕಲ್ ಮೈಲಿ ದೂರ ಅಂತಿಟ್ಟುಕೊಳ್ಳಿ (ಗಂಟೆಗೆ ಒಂದು ನಾಟಿಕಲ್ ಮೈಲಿ ಅಂದರೆ ಒಂದು ನಾಟ್). ಗಾಳಿಯೇ ಇಲ್ಲದಿದ್ದರೆ ಹೋಗೋಕೆ ಎರಡು ಗಂಟೆ, ಬರೋಕೆ ಎರಡು. ಈ ಗಾಳಿಯಲ್ಲಿ ಹೋಗೋಕೆ ಮೂರು, ಬರೋಕೆ ಒಂದೂವರೆ. ಕೊನೆಗೆ ಅರ್ಧ ಗಂಟೆ ಗಾಳಿಯ ಜೇಬಿಗೇ ಹೋಯಿತು. ಅದೂ ನಾವು ವಾಪಸ್ ಹೊರಡುವವರೆಗೆ ಗಾಳಿ ದಿಕ್ಕು ಬದಲಿಸದೆ ಕಾದರೆ. ಕಾಯುವಷ್ಟು ಸಜ್ಜನಿಕೆ ಅದಕ್ಕೆಲ್ಲಿಂದ ಬರಬೇಕು?

ಹವಾಮಾನ ಮುನ್ಸೂಚನೆ ಇರುತ್ತದಲ್ಲ ಅಂತೀರಿ. ಇರುತ್ತದೆ. ವಿಮಾನ ನಿಲ್ದಾಣಕ್ಕೆ ಕೊಡುವ 'ಟಾಫ್' ಅನ್ನೋ ಮುನ್ಸೂಚನೆ ಆ ನಿಲ್ದಾಣದ ಸುತ್ತ ಎಂಟು ಕಿಲೋಮೀಟರ್ ಆಸುಪಾಸಿಗೆ ಮಾತ್ರ. ಹೊರಡುವ ಕಡೆ ಚೆನ್ನಾಗಿದೆ, ಇಳಿಯುವ ಕಡೆಯೂ ಚೆನ್ನಾಗಿದೆ. ನಡುವಿನ ನೂರಾರು ಕಿಲೋಮೀಟರಿಗೆ ಅದು ಜವಾಬ್ದಾರಿ ಹೊತ್ತಿಲ್ಲ. ಮೋಡಗಳಿಗೂ ಅದು ಗೊತ್ತು. ಅಲ್ಲೇ ಬಂದು ಕೂರುತ್ತವೆ.

ಮೋಡ ಎಷ್ಟು ಎತ್ತರದಲ್ಲಿದೆ ಅಂತ ಅಂದಾಜು ಮಾಡೋಕೆ ಒಂದು ಲೆಕ್ಕ ಇದೆ. ನೆಲದ ಉಷ್ಣಾಂಶದಲ್ಲಿ ಇಬ್ಬನಿ ಕಟ್ಟುವ ಉಷ್ಣಾಂಶ ಕಳೆಯಿರಿ, ಬಂದದ್ದನ್ನು 400ರಿಂದ ಗುಣಿಸಿ. 22ರಲ್ಲಿ 17 ಕಳೆದರೆ 5. ಅಂದರೆ ಮೋಡದ ತಳ 2,000 ಅಡಿ. ಬೆಳಗಿನಿಂದ ಹತ್ತಿಯುಂಡೆಯಂತೆ ತೇಲುವ ಮೋಡಗಳಿಗೆ ಈ ಲೆಕ್ಕ ಸರಿಹೊಂದುತ್ತದೆ. ಅವುಗಳ ಕೆಳಗೆ ಹಾರಿದರೆ ವಿಮಾನ ಕುಲುಕುತ್ತಲೇ ಇರುತ್ತದೆ. ಬಾಮೈದ ಮಾತು ನಿಲ್ಲಿಸಿದ. ಅವನು ಮಾತು ನಿಲ್ಲಿಸಿದ್ದಾನೆ ಅಂದರೆ ಸೀಟಿನ ಹಿಂದಿರುವ ಕವರ್ ಕೊಡುವ ಹೊತ್ತಾಯಿತು ಅಂತಲೇ ಅರ್ಥ.

ಇಷ್ಟೆಲ್ಲ ದಾಟಿ ಬಂದರೂ ಪೈಲಟ್‌ಗೆ ಮಾರ್ಕ್ಸ್ ಸಿಗುವುದು ಕೊನೆಯ ಹತ್ತು ಸೆಕೆಂಡಿಗೆ. ಮೂರು ಗಂಟೆ ಎಷ್ಟು ನಾಜೂಕಾಗಿ ಹಾರಿಸಿದೆ ಅನ್ನೋದನ್ನು ಯಾರೂ ಕೇಳಲ್ಲ. ಅನ್ಯಾಯ, ಆದರೆ ಹಾಗೇ ಇದೆ.

ಇಳಿಯಬೇಕಿದ್ದದ್ದು ರನ್‌ವೇ 27ಕ್ಕೆ. ಮೂಗು 270 ಡಿಗ್ರಿಗೆ, ಅಂದರೆ ಪಶ್ಚಿಮಕ್ಕೆ. ಗಾಳಿ ಬೀಸುತ್ತಿದ್ದದ್ದು 200 ಡಿಗ್ರಿಯಿಂದ, 14 ನಾಟ್. ಹೆಚ್ಚುಕಮ್ಮಿ ಪೂರ್ತಿ ಎಡಗಡೆಯಿಂದ. ಈ ವಿಮಾನದ ಕೈಪಿಡಿಯಲ್ಲಿ 15 ನಾಟ್ ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಲಾಗಿದೆ ಅಂತ ಬರೆದಿದೆ. ತೋರಿಸಿದವರು ಕಂಪನಿಯ ಪರೀಕ್ಷಾ ಪೈಲಟ್. ಅವರ ಪಕ್ಕದಲ್ಲಿ ಬಾಮೈದ ಇದ್ದ ಬಗ್ಗೆ ಕೈಪಿಡಿಯಲ್ಲೇನೂ ಇಲ್ಲ.

ಅಡ್ಡಗಾಳಿ ತಳ್ಳದಿರಲಿ ಅಂತ ಮೂಗನ್ನು ಗಾಳಿಯ ಕಡೆ ತಿರುಗಿಸಿಟ್ಟು ಏಡಿಯ ಹಾಗೆ ಓರೆಯಾಗಿ ಬರಬೇಕು. ಆಗ ರನ್‌ವೇ ಎದುರಿನ ಗಾಜಿನಲ್ಲಿ ಇರಲ್ಲ, ಬಲಗಡೆ ಸರಿದಿರುತ್ತದೆ. ಬಲಗಡೆ ಕೂತವನಿಗೆ ಮಾತು ವಾಪಸ್ ಬಂತು.

"ಭಾವ, ರನ್‌ವೇ ನನ್ನ ಕಡೆ ಇದೆ."

"ಗೊತ್ತು."

"ನಾವು ಆ ಹೊಲದ ಕಡೆ ಹೋಗ್ತಿದ್ದೀವಿ."

"ಇಲ್ಲ ಮಾರಾಯ, ನೋಡ್ತಿರು."

ನೆಲ ಹತ್ತಿರ ಬಂದಾಗ ಬಲಗಾಲಿನಿಂದ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್, ಒತ್ತಿ ಮೂಗನ್ನು ನೇರ ಮಾಡಿದೆ. ಜೊತೆಗೇ ಯೋಕ್ ಅನ್ನೋ ವಿಮಾನದ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿ ಎಡರೆಕ್ಕೆ ತಗ್ಗಿಸಿದೆ. ಇನ್ನೇನು ಚಕ್ರ ತಾಗಬೇಕು, ಆಗ ಎಲ್ಲಿತ್ತೋ ಒಂದು ಬೀಸು ಬಂದು ವಿಮಾನವನ್ನು ಎತ್ತಿಬಿಟ್ಟಿತು. ರನ್‌ವೇ ಕೆಳಗೆ ಓಡುತ್ತಿದೆ, ನಾವು ಮೇಲೆ ತೇಲುತ್ತಿದ್ದೇವೆ. ಇಂಥ ಹೊತ್ತಲ್ಲಿ ಹಠ ಮಾಡಬಾರದು. ಥ್ರಾಟಲ್ ಪೂರ್ತಿ ಒತ್ತಿ ಮತ್ತೆ ಮೇಲಕ್ಕೆ ಹೋದೆ. ಇದಕ್ಕೆ ಗೋ-ಅರೌಂಡ್ ಅಂತಾರೆ. ಪೈಲಟ್‌ಗಳ ಪ್ರಕಾರ ಒಳ್ಳೇ ತೀರ್ಮಾನ, ಪ್ರಯಾಣಿಕರ ಪ್ರಕಾರ ಫೇಲು.

ಎರಡನೇ ಸಲ ಗಾಳಿಗೆ ನಮ್ಮಲ್ಲಿ ಆಸಕ್ತಿ ಹೋಗಿತ್ತು. ಎಡಚಕ್ರ ಕೀಚ್ ಅಂತು. ಒಂದು ಕ್ಷಣ ಒಂದೇ ಚಕ್ರದ ಮೇಲೆ ಓಡಿತು. ಆಮೇಲೆ ಬಲಚಕ್ರ, ಕೊನೆಗೆ ಮೂಗಿನದು. ಅಡ್ಡಗಾಳಿಯಲ್ಲಿ ಇಳಿಸಬೇಕಾದದ್ದೇ ಹೀಗೆ. ನನಗೆ ನಾನೇ ಶಭಾಷ್ ಅಂದುಕೊಂಡು ಪಕ್ಕಕ್ಕೆ ನೋಡಿದೆ.

ಎಂಜಿನ್ ಆರಿಸುವ ಹೊತ್ತಿಗೆ ಅವನ ಫೋನು ಕಿವಿಗೆ ಹೋಗಿತ್ತು. "ಅಕ್ಕಾ, ಬಂದ್ವಿ. ಇಲ್ಲ, ಏನೂ ಆಗಿಲ್ಲ. ಭಾವಂಗೆ ಒಂದೇ ಸಲಕ್ಕೆ ಇಳಿಸೋಕೆ ಆಗ್ಲಿಲ್ಲ, ಕಂತಿನಲ್ಲಿ ಇಳಿಸಿದ್ರು."