ಪರ-ವಿರೋಧ: ಪ್ರಾಡಕ್ಟ್ ಓನರ್‌ಗೆ ಅಂಕಿಯ ಗುರಿ ಬೇಕೇ?

ಪರ: ಹದಿನಾಲ್ಕು ಜನ ತೆರೆದ ಪುಟ

ಆ ಡೆಮೊ ದಿನ ಬಿದ್ದಷ್ಟು ಚಪ್ಪಾಳೆ ನನ್ನ ವೃತ್ತಿಯಲ್ಲಿ ಮತ್ತೆಂದೂ ಬಿದ್ದಿಲ್ಲ. ವಿಮೆಯ ಕ್ಲೇಮ್ ಸಲ್ಲಿಸುವ ಆ್ಯಪ್ ಒಂದಕ್ಕೆ ನಾನು ಪ್ರಾಡಕ್ಟ್ ಓನರ್, ಅಂದರೆ ತಂಡ ಯಾವ ಕೆಲಸ ಮೊದಲು ಮಾಡಬೇಕು ಅಂತ ನಿರ್ಧರಿಸುವ ಹೊಣೆ ನನ್ನದು. ಗ್ರಾಹಕರು ತಮ್ಮ ಐದು ವರ್ಷದ ಕ್ಲೇಮ್‌ಗಳನ್ನೆಲ್ಲ ಬಣ್ಣಬಣ್ಣದ ಚಾರ್ಟ್‌ನಲ್ಲಿ ನೋಡುವಂಥ ಪುಟವೊಂದು ಇದ್ದರೆ ಚೆನ್ನ ಅಂತ ಮೇಲಿನವರೊಬ್ಬರಿಗೆ ಅನಿಸಿತು. ಅನಿಸಿದ್ದು ಮರುದಿನವೇ ಬ್ಯಾಕ್‌ಲಾಗ್‌ನ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯ, ತಲೆಯ ಮೇಲೆ ಬಂದು ಕೂತಿತು. ಎಂಟು ಸ್ಪ್ರಿಂಟ್, ಅಂದರೆ ಕೆಲಸದ ಎಂಟು ಚಿಕ್ಕ ಸುತ್ತು, ಅದಕ್ಕೇ ಹೋಯಿತು. ಚಾರ್ಟ್ ಮೇಲೆ ಬೆರಳಿಟ್ಟರೆ ಅದು ನಿಧಾನಕ್ಕೆ ಅರಳಿಕೊಳ್ಳುತ್ತಿತ್ತು, ಅದನ್ನು ಮಾಡಿದ ಹುಡುಗ ಎರಡು ಶನಿವಾರ ಮನೆಗೆ ಹೋಗಿರಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ಡೇಟಾ ತಂಡದ ಹುಡುಗಿಯೊಬ್ಬಳು ಬೇರೇನನ್ನೋ ಹುಡುಕುತ್ತಿದ್ದವಳು ನನ್ನ ಮೇಜಿನ ಹತ್ತಿರ ಬಂದಳು. 'ಈ ಪುಟವನ್ನ ಹದಿನಾಲ್ಕು ಜನ ತೆರೆದಿದ್ದಾರೆ ಅಂತ ಬರ್ತಿದೆ, ಸರಿನಾ?' ಹದಿನಾಲ್ಕು ಸಾವಿರ ಇರಬೇಕು, ಇನ್ನೊಮ್ಮೆ ನೋಡು ಅಂದೆ. ನೋಡಿದಳು. ಹದಿನಾಲ್ಕೇ. ಪಟ್ಟಿ ತೆಗೆಸಿದರೆ ಅದರಲ್ಲಿ ಒಂಬತ್ತು ಐಡಿಗಳು ನಮ್ಮದೇ ಟೆಸ್ಟಿಂಗ್‌ನವು.

ಆ ವರ್ಷದ ಅಪ್ರೈಸಲ್‌ನಲ್ಲಿ ನನಗೆ ತುಂಬ ಒಳ್ಳೆಯ ರೇಟಿಂಗ್ ಬಂತು. ಮರುವರ್ಷ ಇಂಥದೇ ಇನ್ನೊಂದು ಆಸೆಗೆ 'ಇದು ಬೇಡ' ಅಂದೆ, ಆ ಸಮಯದಲ್ಲಿ ನಿಜವಾಗಿ ಬೇಕಿದ್ದ ಎರಡು ಕೆಲಸ ಮುಗಿಸಿದೆ. ರೇಟಿಂಗ್ ಇಳಿಯಿತು. ಕಾರಣ: 'ಓನರ್‌ಶಿಪ್ ಇನ್ನೂ ಸ್ವಲ್ಪ ಕಾಣಬೇಕಿತ್ತು.' ಎಷ್ಟು ಸ್ವಲ್ಪ, ಎಲ್ಲಿ ಕಾಣಬೇಕಿತ್ತು ಅಂತ ಕೇಳಿದೆ. ಕೇಳಿದ್ದೇ ಇನ್ನೊಂದು ತಪ್ಪಾಯಿತು.

ಪ್ರಾಡಕ್ಟ್ ಓನರ್‌ರನ್ನು ಅಳೆಯಬೇಡಿ ಅನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಈಗ ಅಳೆಯುತ್ತಿಲ್ಲ ಅಂತ ಅಂದುಕೊಂಡಿದ್ದಾರಾ? ದಿನಾ ಅಳೆಯುತ್ತಾರೆ. ಮೀಟಿಂಗ್‌ನಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಿದಿರಿ, ಯಾರ ಮೇಲ್‌ಗೆ ಎಷ್ಟು ಬೇಗ ಉತ್ತರಿಸಿದಿರಿ, ಮೇಲಿನವರ ಮುಖ ಬೆಳಿಗ್ಗೆ ಹೇಗಿತ್ತು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆ ಅಳತೆಗೋಲನ್ನು ನಮಗೆ ತೋರಿಸುವುದಿಲ್ಲ, ಅಷ್ಟೇ. ನಾನು ಕೇಳುತ್ತಿರುವುದು ಅದನ್ನು ಮೇಜಿನ ಮೇಲಿಡಿ ಅಂತ.

ಹೀಗೆ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಪದ್ಧತಿಯಾದ ಸ್ಕ್ರಮ್‌ನ ಮೂಲ ಕೈಪಿಡಿ ನಮ್ಮ ಮೇಲೆ ಹೊರಿಸುವ ದೊಡ್ಡ ಹೊಣೆ ಒಂದೇ: ತಂಡದ ಕೆಲಸದಿಂದ ಹುಟ್ಟುವ ಪ್ರಾಡಕ್ಟ್‌ನ ಮೌಲ್ಯ ಆದಷ್ಟು ಹೆಚ್ಚಬೇಕು. 2020ರ ಆವೃತ್ತಿಯಲ್ಲಿ 'ಪ್ರಾಡಕ್ಟ್ ಗೋಲ್' ಅನ್ನುವುದನ್ನೂ ಸೇರಿಸಿದರು. ಸರಿ, ಮೌಲ್ಯ ಅಂದರೆ ಏನು, ಯಾರಿಗೆ, ಹೆಚ್ಚಿತು ಅಂತ ಗೊತ್ತಾಗುವುದು ಹೇಗೆ? ಇಷ್ಟಕ್ಕೆ ಉತ್ತರ ಬರೆದುಕೊಳ್ಳದಿದ್ದರೆ ಆ ಜಾಗಕ್ಕೆ ವೆಲಾಸಿಟಿ, ಅಂದರೆ ಒಂದು ಸ್ಪ್ರಿಂಟ್‌ನಲ್ಲಿ ತಂಡ ಎಷ್ಟು ಕೆಲಸ ಮುಗಿಸಿತು ಅನ್ನುವ ಲೆಕ್ಕ, ಬಂದು ಕೂರುತ್ತದೆ. ಕಳೆದ ಸ್ಪ್ರಿಂಟ್‌ನಲ್ಲಿ 34 ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರಕ್ಕೆ ತಂಡವೇ ಅಂದಾಜಿನಲ್ಲಿ ಕೊಡುವ ಅಂಕ), ಈ ಸಲ 40 ಮಾಡಿಸಿ ಅನ್ನುತ್ತಾರೆ. ತಂಡದವರೇನು ದಡ್ಡರೇ? ಐದು ಪಾಯಿಂಟ್‌ನ ಕೆಲಸ ಮುಂದಿನ ಸಲ ಎಂಟಾಗುತ್ತದೆ, 40 ಮುಟ್ಟುತ್ತದೆ, ಎಲ್ಲರೂ ಖುಷಿ. ಅದು ನಾವೆಷ್ಟು ದುಡಿದೆವು ಅನ್ನುವ ಅಂದಾಜು. ಬಳಸುವವರಿಗೆ ಏನಾಯಿತು ಅಂತ ಅದು ಒಂದಕ್ಷರವೂ ಹೇಳುವುದಿಲ್ಲ.

ಮೂರನೇ ವರ್ಷ ನಾನೇ ಹೋಗಿ ಕೇಳಿದೆ: ನನಗೊಂದು ಅಂಕಿ ಕೊಡಿ. ಕೊಡಲು ಅವರಿಗೆ ಗೊತ್ತಿರಲಿಲ್ಲ, ನಾನೇ ಬರೆದುಕೊಂಡು ಹೋದೆ. ಕ್ಲೇಮ್ ಫಾರ್ಮ್ ತುಂಬಲು ಶುರು ಮಾಡಿದವರಲ್ಲಿ ಎಷ್ಟು ಜನ ಅದೇ ದಿನ ಪೂರ್ತಿ ಮಾಡುತ್ತಾರೆ? ಮೊದಲ ತಿಂಗಳು ಏನನ್ನೂ ಮುಟ್ಟದೆ ಬರೀ ಎಣಿಸಿದೆವು. ನೂರಕ್ಕೆ 41. ಆರು ತಿಂಗಳಲ್ಲಿ 60 ಮಾಡುವುದು ಅಂತ ಗುರಿ ಇಟ್ಟೆವು. ಜೊತೆಗೆ ಕಾವಲಿಗೆ ಇನ್ನೊಂದು ಅಂಕಿ: ದಾಖಲೆ ಸಾಲದು ಅಂತ ವಾಪಸ್ ಬರುವ ಕ್ಲೇಮ್‌ಗಳ ಪ್ರಮಾಣ ಏರಬಾರದು.

ಆಮೇಲೆ ಆದದ್ದನ್ನು ವಿವರವಾಗಿ ಹೇಳಬೇಕು. ಯಾವ ಪರದೆಯಲ್ಲಿ ಜನ ಬಿಟ್ಟು ಹೋಗುತ್ತಾರೆ ಅಂತ ನೋಡಿದರೆ ಬಹುಪಾಲು ಬಿಲ್‌ನ ಫೋಟೋ ಹಾಕುವ ಕಡೆ. ಫೋಟೋ 2 ಎಂಬಿಗಿಂತ ದೊಡ್ಡದಿದ್ದರೆ ಮುಂದೆ ಹೋಗುವ ಬಟನ್ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಯಾಕೆ ಅಂತ ಒಂದು ಮಾತಿಲ್ಲ. ಈಗಿನ ಫೋನ್‌ನಲ್ಲಿ ತೆಗೆದ ಫೋಟೋ ಎಷ್ಟೋ ಸಲ ಅದರ ಎರಡು ಪಟ್ಟು ಇರುತ್ತದೆ. ಪರದೆಯ ರೆಕಾರ್ಡಿಂಗ್‌ಗಳನ್ನು ಕೂತು ನೋಡಿದೆ. ಯಾರೋ ಒಬ್ಬರು ಆ ಬೂದು ಬಟನ್ನನ್ನು 23 ಸಲ ಒತ್ತಿದ್ದರು. ಎಣಿಸಿದೆ. ಫೋಟೋ ತೆಗೆದುಹಾಕಿ, ಮತ್ತೆ ಅದನ್ನೇ ಹಾಕಿ, ಮತ್ತೆ ಒತ್ತಿ, ಕೊನೆಗೆ ಆ್ಯಪ್ ಮುಚ್ಚಿದ್ದರು. ಫೋಟೋವನ್ನು ಫೋನ್‌ನಲ್ಲೇ ಕುಗ್ಗಿಸಿ ಕಳಿಸುವ ವ್ಯವಸ್ಥೆ ಎರಡು ದಿನದ ಕೆಲಸ. ಆ ದೂರು ಬ್ಯಾಕ್‌ಲಾಗ್‌ನ ಅಡಿಯಲ್ಲಿ ಎರಡು ವರ್ಷದಿಂದ ಬಿದ್ದಿತ್ತು. ನಾವು ಆ ಹೊತ್ತಿನಲ್ಲಿ ಅರಳುವ ಚಾರ್ಟ್ ಮಾಡುತ್ತಿದ್ದೆವು.

ಆರು ತಿಂಗಳಿಗೆ 56 ಆಯಿತು. ಅಂದರೆ ಗುರಿ ತಪ್ಪಿತು. ಕಾವಲಿನ ಅಂಕಿ ಇದ್ದಲ್ಲೇ ಇತ್ತು. ರಿವ್ಯೂ ಮೀಟಿಂಗ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಇಪ್ಪತ್ತೂ ನಿಮಿಷ ಫಾರ್ಮ್‌ನ ನಾಲ್ಕನೇ ಪರದೆಯ ಬಗ್ಗೆಯೇ ಮಾತು, ನನ್ನ ಓನರ್‌ಶಿಪ್ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಅಂಕಿ ಕೊಟ್ಟರೆ ಜನ ಮೋಸ ಮಾಡುತ್ತಾರೆ ಅನ್ನುವ ಹಳೇ ರಾಗ ಪಕ್ಕದ ಲೇಖನದಲ್ಲಿ ಬಂದೇ ಬರುತ್ತದೆ. ಮೋಸ ಮಾಡುವವರಿಗೆ ಅಂಕಿಯೇ ಬೇಕಿಲ್ಲ, ಪವರ್‌ಪಾಯಿಂಟ್ ಸಾಕು. 'ನಮ್ಮ ಕೆಲಸ ಸೂಕ್ಷ್ಮ, ಅಳತೆಗೆ ಸಿಗದು' ಅನ್ನುವವರನ್ನೂ ಬಹಳ ಕಂಡಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಂತ ಹನ್ನೊಂದು ಕೆಪಿಐ (ಸಾಧನೆ ಅಳೆಯುವ ಅಂಕಿ) ತುಂಬಿದ ಹಾಳೆ ಕೊಡಿ ಅಂತಲೂ ಅಲ್ಲ. ಒಂದು, ಹೆಚ್ಚೆಂದರೆ ಎರಡು. ಈಗ ಎಲ್ಲಿದ್ದೇವೆ ಅಂತ ಎಣಿಸದೆ ಗುರಿ ಇಡುವುದಂತೂ ಬೇಡವೇ ಬೇಡ.

ಹೋದ ತಿಂಗಳು ಸೇಲ್ಸ್‌ನವರೊಬ್ಬರು ಬಂದರು. ಎದುರಾಳಿ ಕಂಪನಿಯ ಆ್ಯಪ್‌ನಲ್ಲಿ ಚಾಟ್‌ಬಾಟ್ ಬಂದಿದೆಯಂತೆ, ನಮಗೂ ಬೇಕಂತೆ, ಈ ತ್ರೈಮಾಸಿಕದಲ್ಲೇ. ಗೋಡೆಯ ಬೋರ್ಡ್ ಮೇಲಿದ್ದ 56 ತೋರಿಸಿ, ಇದನ್ನು ಅದು ಎಷ್ಟು ಮೇಲೆತ್ತುತ್ತದೆ ಹೇಳಿ ಅಂದೆ. ಅವರು ಮುಖ ಗಂಟಿಕ್ಕಿಕೊಂಡು ನೇರ ಮೇಲಿನವರ ಕ್ಯಾಬಿನ್‌ಗೆ ಹೋದರು. ಐದು ನಿಮಿಷಕ್ಕೆ ಹೊರಗೆ ಬಂದರು. ಒಳಗೂ ಅವರಿಗೆ ಅದೇ ಪ್ರಶ್ನೆ ಕೇಳಿದ್ದರು.

ವಿರೋಧ: ನಾನೇ ಹಸಿರು ಬಣ್ಣ ಹಚ್ಚಿದ ಚೌಕ

ಮೊದಲೇ ಹೇಳಿಬಿಡುತ್ತೇನೆ. ಪರ ಬರೆಯಲು ಆಗಲೇ ಬೇರೆಯವರು ಒಪ್ಪಿಕೊಂಡಿದ್ದರಿಂದ ವಿರೋಧದ ಪಾಲು ನನಗೆ ಬಂತು. ನಾನು ನಾಲ್ವರು ಪ್ರಾಡಕ್ಟ್ ಓನರ್‌ಗಳಿಗೆ ಮೂರು ತಿಂಗಳಿಗೊಮ್ಮೆ ಗುರಿ ಬರೆದುಕೊಡುವ ಆಸಾಮಿ. ಇರಲಿ, ವಹಿಸಿದ ಕೆಲಸ ಮಾಡೋಣ.

ಈ ವಾದಕ್ಕೆ ಬೇಕಾದ ಸಾಮಗ್ರಿ ಸುಲಭಕ್ಕೆ ಸಿಗುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತ ಹೇಳಿದ್ದನ್ನು 1997ರಲ್ಲಿ ಮಾನವಶಾಸ್ತ್ರಜ್ಞೆ ಮರಿಲಿನ್ ಸ್ಟ್ರ್ಯಾದರ್ನ್ ಎಲ್ಲರ ಬಾಯಿಗೆ ಬರುವಂತೆ ಮಾಡಿದರು: ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಉದಾಹರಣೆಗೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್. ಒಬ್ಬೊಬ್ಬ ಗ್ರಾಹಕನಿಗೆ ಎಂಟು ಸೇವೆ ಮಾರಬೇಕು ಅಂತ ಗುರಿ ಇಟ್ಟರು, ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆಯೇ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಜನ ಕೆಲಸ ಕಳೆದುಕೊಂಡಿದ್ದರು. ಅವರು ಪ್ರಾಡಕ್ಟ್ ಓನರ್‌ಗಳಲ್ಲ ಅಂತ ನೀವು ಅನ್ನಬಹುದು. ನಿಜ. ಆದರೆ ಟಾರ್ಗೆಟ್ ಹಾಳೆ ಎಲ್ಲ ಕಡೆ ಒಂದೇ ಥರ ಇರುತ್ತದೆ.

ಯೂಟ್ಯೂಬ್ 2012ರಲ್ಲಿ ವ್ಯೂ ಎಣಿಸುವುದನ್ನು ಬಿಟ್ಟು ನೋಡುವ ಸಮಯಕ್ಕೆ ಬೆಲೆ ಕೊಟ್ಟಿತು, ದಿನಕ್ಕೆ 100 ಕೋಟಿ ಗಂಟೆ ಅನ್ನುವ ಗುರಿಯನ್ನು 2016ರಲ್ಲಿ ಮುಟ್ಟಿತು. ಗುರಿ ಇಡುವವರೆಲ್ಲ ಈ ಕತೆ ಹೇಳುತ್ತಾರೆ. ದಾರಿ ತಪ್ಪಿಸುವ ವಿಡಿಯೊಗಳ ಶಿಫಾರಸು ಕಡಿಮೆ ಮಾಡುತ್ತೇವೆ ಅಂತ 2019ರ ಜನವರಿಯಲ್ಲಿ ಅದೇ ಸಂಸ್ಥೆ ಹೇಳಬೇಕಾಗಿ ಬಂತು, ಅದನ್ನು ಮಾತ್ರ ಯಾರೂ ಸ್ಲೈಡ್‌ಗೆ ಹಾಕುವುದಿಲ್ಲ. ಗುರಿ ಅಂದ ಕೂಡಲೇ ಜಪಿಸುವ 'ಸ್ಮಾರ್ಟ್' (SMART: ನಿರ್ದಿಷ್ಟ, ಅಳೆಯಬಲ್ಲ ಅನ್ನುವಂಥ ಐದು ಲಕ್ಷಣಗಳ ಇಂಗ್ಲಿಷ್ ಮೊದಲಕ್ಷರಗಳು) ಅನ್ನುವ ಐದಕ್ಷರವನ್ನು 1981ರಲ್ಲಿ ಕೊಟ್ಟ ಜಾರ್ಜ್ ಡೋರಾನ್ ಕೂಡ ಪ್ರತಿ ಗುರಿಯಲ್ಲೂ ಐದೂ ಇರಲೇಬೇಕು ಅಂದವರಲ್ಲ. ಅಳೆಯಲಾಗದ್ದನ್ನು ಹತೋಟಿಯಲ್ಲಿಡಲಾಗದು ಅಂತ 1982ರಲ್ಲಿ ಬರೆದ ಸಾಫ್ಟ್‌ವೇರ್ ತಜ್ಞ ಟಾಮ್ ಡಿಮಾರ್ಕೊ 2009ರಲ್ಲಿ ತಮ್ಮ ಮಾತನ್ನು ತಾವೇ ಪ್ರಶ್ನಿಸಿಕೊಂಡರು.

ಇನ್ನೊಂದು ವಿಷಯ, ಇದನ್ನು ನಾನು ನಿಜಕ್ಕೂ ನಂಬುತ್ತೇನೆ. ಹೆಸರು ಓನರ್, ಕೈಯಲ್ಲಿ ಏನೂ ಇಲ್ಲ. ಗ್ರಾಹಕರು ಬಿಟ್ಟು ಹೋಗುವುದು ಕಡಿಮೆಯಾಗಬೇಕು ಅಂತ ಗುರಿ ಕೊಡುತ್ತೇವೆ. ಬೆಲೆ ನಿರ್ಧರಿಸುವುದು ಸೇಲ್ಸ್, ಸರ್ವರ್ ಇನ್ನೊಂದು ತಂಡದ್ದು, ಜಾಹೀರಾತಿನ ಹಣ ಮಧ್ಯದಲ್ಲೇ ಕತ್ತರಿಸಿದ್ದಾರೆ. ಒಟ್ಟು 40 ಕಂಪನಿಗಳು ಬಳಸುವ ಪ್ರಾಡಕ್ಟ್‌ನಲ್ಲಿ ಒಂದು ಕಂಪನಿ ಬೇರೆಯವರ ಪಾಲಾದರೆ ಎರಡೂವರೆ ಶೇಕಡಾ ಹೋಯಿತು. ಅದರಲ್ಲಿ ಪ್ರಾಡಕ್ಟ್ ಓನರ್ ಮಾಡಿದ್ದೇನು, ಬಿಟ್ಟದ್ದೇನು? ಇನ್ನು, ಅಂಕಿ ಇದ್ದರೆ ಮೇಲಿನವರ ಆಸೆಗೆ 'ಆಗಲ್ಲ' ಅನ್ನಬಹುದು ಅನ್ನುವ ವಾದವಿದೆ. ಅಷ್ಟು ಹೇಳುವುದಕ್ಕೆ ಎಕ್ಸೆಲ್ ಬೇಕಾಗುವವರನ್ನು ಓನರ್ ಅನ್ನುವುದಾದರೂ ಹೇಗೆ?

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬರೆಯುತ್ತ ಕೂತಾಗ ಒಂದು ಹಳೆಯ ಸಂಗತಿ ನೆನಪಾಯಿತು.

ನನ್ನ ಕೈಕೆಳಗಿನ ಪ್ರಾಡಕ್ಟ್ ಓನರ್ ಒಬ್ಬನಿಗೆ ನಾನು ಬರೆದುಕೊಟ್ಟ ಗುರಿ: ಸಹಾಯವಾಣಿಗೆ ಬರುವ ಕರೆ ಆರು ತಿಂಗಳಲ್ಲಿ ಶೇಕಡಾ 30 ಕಡಿಮೆಯಾಗಬೇಕು. ಚುರುಕು ಹುಡುಗ, ಮಿತಭಾಷಿ. ಎರಡನೇ ತಿಂಗಳಿಗೇ ಶೇಕಡಾ 41 ಇಳಿಯಿತು. ನಾನು ಹಾಳೆಯಲ್ಲಿ ಅವನ ಸಾಲಿನ ಚೌಕಕ್ಕೆ ಹಸಿರು ಬಣ್ಣ ಹಚ್ಚಿದೆ, ಮಿಕ್ಕ ಮೂವರ ಮುಂದೆ ಹೊಗಳಿದೆ, ಹೇಗೆ ಮಾಡಿದೆ ಅಂತ ಇವರಿಗೂ ಹೇಳಿಕೊಡು ಅಂದೆ. ಅವನು ಸುಮ್ಮನೆ ನಕ್ಕ.

ಕೆಲವು ತಿಂಗಳ ನಂತರ ನನ್ನ ಚಿಕ್ಕಮ್ಮ ಫೋನ್ ಮಾಡಿದರು. 'ಏನಪ್ಪಾ, ನಿಮ್ಮ ಆ್ಯಪ್‌ನಲ್ಲಿ ಮನುಷ್ಯರ ಜೊತೆ ಮಾತಾಡಬೇಕಾದರೆ ಎಲ್ಲಿ ಒತ್ತಬೇಕೋ?'

'ಕೆಳಗೆ ಫೋನಿನ ಚಿತ್ರ ಇದೆ ನೋಡಿ ಚಿಕ್ಕಮ್ಮ.'

'ಇಲ್ಲವಲ್ಲೋ.'

ಅವರಿಗೆ ಕಾಣಿಸುತ್ತಿಲ್ಲ ಅಂದುಕೊಂಡು ನನ್ನ ಫೋನ್ ತೆರೆದೆ. ನಿಜಕ್ಕೂ ಇರಲಿಲ್ಲ. ಸೆಟಿಂಗ್ಸ್ ಒಳಗೆ 'ನಮ್ಮ ಬಗ್ಗೆ', ಅದರೊಳಗೆ 'ಕಾನೂನು ಮಾಹಿತಿ', ಅದರ ಕೊನೆಗೆ, ಹಕ್ಕುಸ್ವಾಮ್ಯದ ಸಾಲಿನ ಕೆಳಗೆ, ಇರುವೆಯಷ್ಟು ದೊಡ್ಡ ಅಕ್ಷರದಲ್ಲಿ ನಂಬರ್ ಇತ್ತು. ಹುಡುಕಲು ನನಗೆ ಹನ್ನೊಂದು ನಿಮಿಷ ಹಿಡಿಯಿತು, ನಾನು ಆ ಪ್ರಾಡಕ್ಟ್‌ನ ಮುಖ್ಯಸ್ಥ. ಚಿಕ್ಕಮ್ಮ ಅಷ್ಟು ಹೊತ್ತೂ ಲೈನ್‌ನಲ್ಲೇ ಇದ್ದರು. 'ಬಿಡು, ನಿನ್ನನ್ನೇ ಕೇಳ್ತೀನಿ' ಅಂತ ತಮ್ಮ ಸಮಸ್ಯೆ ಹೇಳಿದರು. ಎರಡು ಸಲ ಹಣ ಕಟ್ ಆಗಿತ್ತು.

ಮರುದಿನ ಆ ಹುಡುಗನನ್ನು ಕರೆದೆ. ಬೈಯಬೇಕು ಅಂತಲೇ ಕರೆದದ್ದು. 'ಸರ್, ಕರೆ ಕಡಿಮೆ ಮಾಡು ಅಂದಿರಿ. ಕಡಿಮೆ ಆಯ್ತಲ್ಲ?' ಅಂದ. ಅವನ ಧ್ವನಿಯಲ್ಲಿ ಉದ್ಧಟತನ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ಗ್ರಾಹಕರಿಗೆ ಕರೆ ಮಾಡುವ ಅಗತ್ಯವೇ ಬೀಳದಂತೆ ಮಾಡು ಅನ್ನುವುದು ನನ್ನ ತಲೆಯಲ್ಲಿತ್ತು. ಹಾಳೆಯಲ್ಲಿ ಇದ್ದದ್ದು 30. ಬೈಯಲಿಲ್ಲ. ಫೋನಿನ ಚಿತ್ರ ವಾಪಸ್ ಬಂತು, ಕರೆಗಳೂ ಬಂದವು, ಚೌಕ ಕೆಂಪಾಯಿತು, ಯಾಕೆ ಅಂತ ನನ್ನ ಮೇಲಿನವರು ನನ್ನನ್ನು ಕೇಳಿದರು. ಉತ್ತರ ಹೇಳಲು ಒಂದು ಗಂಟೆ ಬೇಕಿತ್ತು, ಅವರ ಬಳಿ ಇದ್ದದ್ದು ಐದು ನಿಮಿಷ. ಆ ವರ್ಷ ಆ ಹುಡುಗನಿಗೆ ಸಿಕ್ಕಿದ್ದು ಸಾಧಾರಣ ರೇಟಿಂಗ್. ಮುಂದೆ ಅವನು ಬೇರೆ ಕಡೆ ಹೋದ.

ಇದಕ್ಕೆ ಕಾವಲಿನ ಅಂಕಿ ಇಟ್ಟರೆ ಸಾಕು ಅನ್ನುತ್ತಾರೆ. ಇಟ್ಟಿದ್ದೇನೆ, ಆಮೇಲಿನಿಂದ ಪ್ರತಿ ಗುರಿಗೂ ಒಂದು ಇಡುತ್ತೇನೆ. ಆ ಕಾವಲಿಗೆ ಇನ್ನೊಂದು ಕಾವಲು ಬೇಕು ಅಂತ ಈಚೆಗೆ ಅನಿಸತೊಡಗಿದೆ. ಮುಂದಿನ ತ್ರೈಮಾಸಿಕದ ಹಾಳೆ ಶುಕ್ರವಾರದೊಳಗೆ ಕಳಿಸಬೇಕು. ನಾಲ್ಕು ಸಾಲುಗಳಲ್ಲಿ ಮೂರನ್ನು ತುಂಬಿದ್ದೇನೆ.