42 ಡಿಗ್ರಿಗೊಂದು ವೆಲ್ವೆಟ್ ಶೇರ್ವಾನಿ

ಕಲ್ಯಾಣ ಕರ್ನಾಟಕದಲ್ಲಿ ಬೇಸಿಗೆ ಎಂಬುದೊಂದಿದೆ ಎನ್ನುವುದು ರಾಜ್ಯ ಸರ್ಕಾರದ ಗಮನಕ್ಕೂ ಬಂದಿದೆ. ಯಾವ ಸಂಗತಿಯೂ ಅಷ್ಟು ಸುಲಭವಾಗಿ ಗಮನಕ್ಕೆ ಬಾರದ ಆ ಸರ್ಕಾರವೇ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್ ಮತ್ತು ಮೇ ತಿಂಗಳ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತ ಬಂದಿದೆ. ನ್ಯಾಯಾಂಗವೂ ಹಿಂದೆ ಬಿದ್ದಿಲ್ಲ. 2024ರ ಏಪ್ರಿಲ್‌ನಲ್ಲಿ ವಿಚಾರಣಾ ನ್ಯಾಯಾಲಯಗಳಲ್ಲಿ ವಾದಿಸುವ ವಕೀಲರಿಗೆ ಹೈಕೋರ್ಟು ಮೇ ತಿಂಗಳ ಕೊನೆಯವರೆಗೆ ಕರಿ ಕೋಟಿನಿಂದ ವಿನಾಯಿತಿ ನೀಡಿತು. ಶಾಲೆಗಳಿಗಂತೂ ರಜೆಯೇ ಇದೆ. ಹೀಗೆ ಎಲ್ಲರೂ ಸೂರ್ಯನಿಗೆ ಶರಣಾದ ಮೇಲೆಯೂ ಎದೆಯುಬ್ಬಿಸಿ ನಿಂತಿರುವ ಏಕೈಕ ವೀರನೆಂದರೆ ಮದುಮಗ.

ಅಕ್ಷತೆ ಮಧ್ಯಾಹ್ನ 12.35ಕ್ಕೆ ಎಂದು ಲಗ್ನಪತ್ರಿಕೆ ಹೇಳುತ್ತದೆ. ಅದೇ ಹೊತ್ತಿಗೆ ಆತ ಒಳಗೆ ಲೈನಿಂಗ್ ಕೊಟ್ಟು ಹೊಲಿದ ವೆಲ್ವೆಟ್ ಶೇರ್ವಾನಿಯನ್ನು ಕೊರಳಿನವರೆಗೆ ಗುಂಡಿ ಹಾಕಿ, ಅದರ ಮೇಲೊಂದು ಕಸೂತಿಯ ಉತ್ತರೀಯ ಹೊದ್ದು, ತಲೆಗೆ ತುರಾಯಿ ಇರುವ ಸಿದ್ಧ ಪೇಟ ಏರಿಸಿಕೊಂಡು ವೇದಿಕೆಯ ಮೇಲೆ ಹೊಳೆಯುತ್ತಿರುತ್ತಾನೆ. ಹೊಳಪಿನಲ್ಲಿ ಕುಸುರಿಯ ಪಾಲೆಷ್ಟು, ಬೆವರಿನ ಪಾಲೆಷ್ಟು ಎಂದು ದೂರದಿಂದ ಹೇಳುವುದು ಕಷ್ಟ. ವೆಲ್ವೆಟ್ ಎಂದು ನಮ್ಮ ಅಂಗಡಿಗಳು ಮಾರುವುದರಲ್ಲಿ ಬಹುಪಾಲು ಪಾಲಿಯೆಸ್ಟರ್ ಆಗಿದ್ದು, ಬೆವರನ್ನು ಹೀರಿಕೊಳ್ಳಲು ಅದು ಸುತರಾಂ ಒಪ್ಪುವುದಿಲ್ಲ. ಸಂಜೆಯ ಆರತಕ್ಷತೆಗೆ ಬಿಸಿಲು ಇಳಿದಿರುವುದರಿಂದ, ಸೆಖೆಯ ಕೊರತೆ ಕಾಣದಿರಲೆಂದು, ಮೂರು ತುಂಡಿನ ಸೂಟು ಕಾದಿರುತ್ತದೆ. ಮದುಮಗ ವೃತ್ತಿಯಲ್ಲಿ ವಕೀಲನಾಗಿದ್ದರಂತೂ ವಿಷಯ ಇನ್ನೂ ರಸವತ್ತಾಗುತ್ತದೆ. ನ್ಯಾಯಾಧೀಶರೆದುರು ಒಂದು ಕೋಟು ಹೊರಲಾರೆನೆಂದು ವಿನಾಯಿತಿ ಪಡೆದವನೇ ಮಾವನ ಮನೆಯವರೆದುರು ಕೋಟು, ವೇಸ್ಟ್‌ಕೋಟು, ಟೈ ಮೂರನ್ನೂ ಹೊತ್ತು ನಗುತ್ತಾನೆ.

ಮದುಮಗಳ ಸ್ಥಿತಿಗೆ ಹೋಲಿಸಿದರೆ ಇದೆಲ್ಲ ಆಟ. ಆಕೆಯ ಆರಿ ವರ್ಕ್ ಬ್ಲೌಸು ಸೀರೆಗಿಂತ ದುಬಾರಿಯಾಗಿರಬೇಕೆಂಬ ನಿಯಮ ಈಗ ಸ್ಥಿರವಾಗಿದೆ. ಮಣಿ, ಹರಳು, ಜರಿದಾರಗಳ ಆ ಬ್ಲೌಸನ್ನು ನೀರಿಗೆ ಹಾಕುವಂತಿಲ್ಲ, ಆದರೆ ನೀರು ಒಳಗಿನಿಂದಲೇ ಬಂದರೆ ಏನು ಮಾಡಬೇಕೆಂದು ಹೊಲಿದವರು ಹೇಳಿರುವುದಿಲ್ಲ. ಆರತಕ್ಷತೆಯ ಲೆಹೆಂಗಾಕ್ಕೆ ಘೇರು ನಿಲ್ಲಲೆಂದು ಒಳಗೆ ಗಟ್ಟಿ ಜಾಲರಿಯ ಕ್ಯಾನ್‌ಕ್ಯಾನ್ ಪದರಗಳಿರುತ್ತವೆ. ಅದನ್ನುಟ್ಟು ಕೂರುವುದು ಕಷ್ಟ, ನಡೆಯಲು ಇಬ್ಬರು ಬೇಕು, ಶೌಚಾಲಯಕ್ಕೆ ಹೋಗಬೇಕೆಂದರೆ ಒಂದು ಸಣ್ಣ ಸಮಿತಿಯೇ ಬೇಕು. ಆದಕಾರಣ ಬೇಸಿಗೆಯ ಮದುಮಗಳಿಗೆ ಹಿರಿಯ ಸೋದರತ್ತೆಯರು ನೀಡುವ ಮೊದಲ ಸಲಹೆ ‘ನೀರು ಜಾಸ್ತಿ ಕುಡೀಬ್ಯಾಡವಾ’ ಎಂಬುದಾಗಿರುತ್ತದೆ. ಆರೋಗ್ಯ ಇಲಾಖೆಯವರು ಅದೇ ವಾರ ಹೆಚ್ಚು ನೀರು ಕುಡಿಯಿರೆಂದು ಪತ್ರಿಕೆಗಳಲ್ಲಿ ವಿನಂತಿಸಿಕೊಳ್ಳುತ್ತಿರುತ್ತಾರೆ. ಅವರು ಮದುವೆಗಳಿಗೆ ಹೋಗುವುದಿಲ್ಲವೆಂದು ತೋರುತ್ತದೆ.

ಮುಖಾಲಂಕಾರದ ಮಾತು ಬೇರೆಯೇ ಇದೆ. ಬೆವರಿಗೆ ಜಗ್ಗದ, ಕಣ್ಣೀರಿಗೆ ಕರಗದ, ಕ್ಯಾಮೆರಾಕ್ಕೆ ಸೋಲದ ಲೇಪನಗಳನ್ನು ಒಂದರ ಮೇಲೊಂದರಂತೆ ಬಳಿದು, ಕೊನೆಗೆ ಅವೆಲ್ಲವನ್ನೂ ಒಂದು ಸಿಂಪರಣೆಯಿಂದ ಬಂದೋಬಸ್ತು ಮಾಡಲಾಗುತ್ತದೆ. ಕಲ್ಯಾಣಮಂಟಪದ ಏಕಮಾತ್ರ ಎಸಿ ಆ ಅಲಂಕಾರ ನಡೆಯುವ ಕೋಣೆಯಲ್ಲಿರುತ್ತದೆ. ಅದು ಇರುವುದು ಮುಖಕ್ಕಲ್ಲ, ಲೇಪನಕ್ಕೆ.

ಆದರೆ ವಿವೇಕದ ಶಿಖರವನ್ನು ಕಾಣಬೇಕೆಂದಿದ್ದರೆ ಅರಿಶಿನದ ದಿನವೇ ಹೋಗಬೇಕು. ಅರಿಶಿನ ಹಚ್ಚುವಾಗ ಹಳೆಯ ಬಟ್ಟೆ ಉಡಿಸುವುದು ನಮ್ಮ ಅಜ್ಜಿಯಂದಿರ ಕ್ರಮವಾಗಿತ್ತು; ಕಲೆ ಬಿಡುವುದಿಲ್ಲ, ಬಟ್ಟೆ ಹಾಳಾಗುತ್ತದೆ ಎಂಬಷ್ಟೇ ಅದರ ಹಿಂದಿದ್ದ ತತ್ವಜ್ಞಾನ. ಹೆಸರು ‘ಹಳ್ದಿ’ ಎಂದಾದ ಮೇಲೆ ಅದಕ್ಕೊಂದು ಹೊಸ ಹಳದಿ ಲೆಹೆಂಗಾ ಬಂತು, ಬಟ್ಟೆಹೂವಿನ ಆಭರಣಗಳ ಸೆಟ್ಟು ಬಂತು, ಮಂಟಪಕ್ಕೆ ಬಿಸಿಲಿನಲ್ಲಿಯೇ ಪ್ರವೇಶಿಸಲು ತಂಪುಕನ್ನಡಕ ಬಂತು. ಇಷ್ಟು ಬೆಲೆಯ ಲೆಹೆಂಗಾಕ್ಕೆ ಅರಿಶಿನ ತಾಗಿದರೆ ಗತಿಯೇನು? ಆದ್ದರಿಂದ ಈಗ ಮುತ್ತೈದೆಯರು ಸಾಲಾಗಿ ಬಂದು, ಬೆರಳ ತುದಿಯಲ್ಲಿ ಅರಿಶಿನದ ನೆನಪನ್ನಷ್ಟೇ ಮುಟ್ಟಿ, ಕೆನ್ನೆಯ ಹತ್ತಿರ ತಂದು, ಛಾಯಾಗ್ರಾಹಕನ ಕಡೆಗೆ ನೋಡಿ, ಹಿಂತಿರುಗುತ್ತಾರೆ. ಅರಿಶಿನಕ್ಕಾಗಿ ಬಟ್ಟೆಯನ್ನು ಕೊಂಡು, ಬಟ್ಟೆಗಾಗಿ ಅರಿಶಿನವನ್ನು ಬಿಟ್ಟ ಈ ಸಾಧನೆಗೆ ಸಮನಾದುದು ನನಗಂತೂ ಇನ್ನೊಂದು ಕಂಡಿಲ್ಲ.

ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ನಮ್ಮ ಮದುವೆಗಳಲ್ಲಿ ಹಿಂದಿನಿಂದಲೂ ಇದ್ದಾಳೆ. ಆಕೆಗೆ ಒಂದು ಸೀರೆ, ಒಂದು ಕುಪ್ಪಸದ ಖಣ, ಕೈಯಲ್ಲಿ ಒಂದು ಕೆಲಸ ಇದ್ದವು. ಈಗಿನ ಸಖಿಯರ ಪಡೆಗೆ ಕೈಯಲ್ಲಿ ಕೆಲಸವಿಲ್ಲ, ಬದಲಾಗಿ ಬಣ್ಣವಿದೆ. ಮದುವೆಗೆ ತಿಂಗಳಿರುವಾಗಲೇ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಮೆಹಂದಿಗೆ ತಿಳಿಹಸಿರು, ಸಂಗೀತಕ್ಕೆ ಲ್ಯಾವೆಂಡರ್, ಮುಹೂರ್ತಕ್ಕೆ ಪೀಚ್ ಎಂದು ಫರ್ಮಾನು ಹೊರಡುತ್ತದೆ. ಬೆವರು ಅತಿ ಸ್ಪಷ್ಟವಾಗಿ ಕಾಣುವುದು ಇಂಥ ತಿಳಿಬಣ್ಣಗಳ ಮೇಲೆಯೇ ಎಂಬುದು ಬಹುಶಃ ಗುಂಪಿನ ನಿರ್ವಾಹಕಿಗೆ ತಿಳಿದಿರಲಿಕ್ಕಿಲ್ಲ. ಅತಿಥಿಗಳಿಗೂ ಇದರಿಂದ ಬಿಡುಗಡೆಯಿಲ್ಲ. ಸಿಂಧನೂರಿನಿಂದ ಬಸ್ಸಿನಲ್ಲಿ ನಿಂತು ಬಂದ ದೊಡ್ಡಮ್ಮ ತಮ್ಮ ಕಡುಗೆಂಪು ಸೀರೆಯ ಕಾರಣದಿಂದ ಗುಂಪಿನ ಚಿತ್ರದ ಅಂಚಿಗೆ ಸರಿಯಬೇಕಾಗುತ್ತದೆ. ದೊಡ್ಡಪ್ಪನವರನ್ನು ಮಾತ್ರ ವೇದಿಕೆಗೆ ಕರೆದು, ಆ ಮೇ ತಿಂಗಳ ಮಧ್ಯಾಹ್ನದಲ್ಲಿ, ಶಾಲು ಹೊದಿಸಿ ಸನ್ಮಾನಿಸಲಾಗುತ್ತದೆ. ಹಿಂದೆ ಆಯೇರಿಯಾಗಿ ಒಂದು ಟವೆಲು ಸಿಗುತ್ತಿತ್ತು, ಮುಖವನ್ನಾದರೂ ಒರೆಸಿಕೊಳ್ಳಬಹುದಿತ್ತು.

ಇವೆಲ್ಲ ನಡೆಯುವುದು ಇಳಕಲ್ ಸೀರೆ ನೇಯುವ ಸೀಮೆಯಲ್ಲಿ ಎಂಬುದನ್ನು ಮರೆಯಬಾರದು. ಅಲ್ಲಿಯ ನೇಕಾರರು ಸೀರೆಯ ಮೈಗೆ ಹತ್ತಿಯ ಹಾಸನ್ನೂ ಸೆರಗಿಗೆ ಕೆಂಪು ರೇಷ್ಮೆಯ ಹಾಸನ್ನೂ ಬೇರೆ ಬೇರೆಯಾಗಿ ಹೂಡಿ, ಎಳೆ ಎಳೆಯನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಚರ್ಮಕ್ಕೆ ತಾಗುವಲ್ಲಿ ಹತ್ತಿ, ಬೀಗರ ಕಣ್ಣಿಗೆ ಬೀಳುವಲ್ಲಿ ರೇಷ್ಮೆ: ಬೇಸಿಗೆಯ ಮದುವೆಗೆ ಇದಕ್ಕಿಂತ ಚಾಣಾಕ್ಷವಾದ ಉಡುಪನ್ನು ಯಾವ ವಿನ್ಯಾಸಕಾರರೂ ಈವರೆಗೆ ಕೊಟ್ಟಿಲ್ಲ. ಗಂಡಸರಿಗೆ ಧೋತರ, ರುಮಾಲು, ಬಿಳಿಯ ಅಂಗಿ ಇದ್ದವು. ಅವು ಈಗ ಫ್ಯಾಷನ್ ಅಂಗಡಿಗಳ ‘ಬೇಸಿಗೆ ಸಂಗ್ರಹ’ದಲ್ಲಿ ಕಾಣುವುದಿಲ್ಲ, ಏಕೆಂದರೆ ಅವು ಬೇಸಿಗೆಗೆ ಹೊಂದುತ್ತವೆ.

ಇಡೀ ಮಂಟಪದಲ್ಲಿ ಹವಾಮಾನವನ್ನು ಒಪ್ಪಿಕೊಂಡು ಬಟ್ಟೆ ಉಟ್ಟವರು ಇಬ್ಬರೇ: ಬರಿಮೈಗೆ ಶಲ್ಯ ಹಾಕಿಕೊಂಡ ಪುರೋಹಿತರು ಮತ್ತು ಸೊಂಟಕ್ಕೆ ಪಂಚೆ ಬಿಗಿದ ಅಡುಗೆ ಭಟ್ಟರು. ಇಬ್ಬರೂ ಬೆಂಕಿಯ ಮುಂದೆಯೇ ಕೂರುವವರು, ಆದರೂ ಇಬ್ಬರಲ್ಲಿ ಯಾರೂ ತಲೆ ತಿರುಗಿ ಬಿದ್ದ ಸುದ್ದಿ ಕೇಳಿಬರುವುದಿಲ್ಲ. ವಿನ್ಯಾಸಕಾರರು ಸ್ಫೂರ್ತಿಗಾಗಿ ರಾಜಸ್ಥಾನದ ಕೋಟೆಗಳವರೆಗೆ ಹೋಗುವ ಬದಲು ಒಮ್ಮೆ ಅಡುಗೆಮನೆಗೆ ಇಣುಕಬಹುದಿತ್ತು.

ಸೆಖೆಗೆ ಆಯೋಜಕರು ಏನೂ ಮಾಡುವುದಿಲ್ಲವೆಂದು ದೂರಿದರೆ ಅದು ಅನ್ಯಾಯವಾದೀತು. ವಧೂವರರ ‘ಎಂಟ್ರಿ’ಯ ಹೊತ್ತಿಗೆ ಅವರು ಮೈನಸ್ 78 ಡಿಗ್ರಿಯ ಡ್ರೈ ಐಸ್ ತರಿಸುತ್ತಾರೆ. ಅದನ್ನು ಬಿಸಿನೀರಿಗೆ ಹಾಕಿ ಎಬ್ಬಿಸಿದ ಬಿಳಿಯ ಹೊಗೆಯನ್ನು ಜೋಡಿಯ ಪಾದಗಳತ್ತ ಬಿಡಲಾಗುತ್ತದೆ. ಮಂಟಪದೊಳಗಿದ್ದ ನಿಜವಾದ ತಂಪೆಲ್ಲವೂ ಹೀಗೆ ಇಬ್ಬರ ಪಾದರಕ್ಷೆಗಳಿಗೆ ಸಲ್ಲುತ್ತದೆ. ಪಾದಗಳಿಗೂ ಅಲ್ಲ, ಏಕೆಂದರೆ ಒಳಗೆ ಕಾಲುಚೀಲಗಳಿರುತ್ತವೆ. ನಂತರ ವಿದ್ಯುತ್ ಹೋಗುತ್ತದೆ, ಜನರೇಟರ್ ಚಾಲೂ ಆಗುತ್ತದೆ, ಅದು ಮೊದಲು ಫೋಟೋ ದೀಪಗಳಿಗೆ, ಆಮೇಲೆ ಧ್ವನಿವರ್ಧಕಕ್ಕೆ, ಶಕ್ತಿ ಉಳಿದರೆ ಫ್ಯಾನುಗಳಿಗೆ.

ಈ ವೇಷಭೂಷಣಕ್ಕೆ ಆಧಾರವೇ ಇಲ್ಲವೆಂದು ನಾನೂ ತಿಳಿದಿದ್ದೆ. ಎರಡು ತಿಂಗಳ ನಂತರ ಆಲ್ಬಂ ಕೈಗೆ ಬಂದಾಗ ತರ್ಕ ಹೊಳೆಯಿತು. ಅದರಲ್ಲಿ ಬೆವರನ್ನೆಲ್ಲ ಅಳಿಸಲಾಗಿತ್ತು, ಕಿತ್ತುಹೋದ ಶಾಮಿಯಾನದ ಜಾಗದಲ್ಲಿ ಹಿಮ ಹೊದ್ದ ಪರ್ವತಶ್ರೇಣಿಯೊಂದನ್ನು ಕೂಡಿಸಲಾಗಿತ್ತು, ಆಕಾಶದಿಂದ ಮಂಜಿನ ಹನಿಗಳು ಉದುರುತ್ತಿದ್ದವು. ಆ ಚಳಿಯಲ್ಲಿ ಮದುಮಗನ ವೆಲ್ವೆಟ್ಟು ತೀರ ತೆಳುವಾಯಿತೇನೋ ಎಂದು ಆತಂಕವಾಯಿತು. ಶಾಲು ಹೊದ್ದ ದೊಡ್ಡಪ್ಪನವರೊಬ್ಬರೇ ಋತುಮಾನಕ್ಕೆ ತಕ್ಕಂತೆ ಕಾಣುತ್ತಿದ್ದರು.